ಲಡಾಖ್ ಬಗ್ಗೆ ನಮ್ಮ ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಈಗ ಇರುವುದು ಮೈಸೂರಿನಲ್ಲಿ. ಲಡಾಖಿಗೆ ಇದುವರೆಗೆ ಮೂರು ಸಲ ಹೋಗಿ ಬಂದಿದ್ದೇನೆ, ಜೂನಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಫೆಬ್ರವರಿಯ ಚಳಿಯಲ್ಲಿ ಒಮ್ಮೆ. ಅಲ್ಲಿಂದ ಬಂದಾಗೆಲ್ಲ ನೆಂಟರು, ಅಕ್ಕಪಕ್ಕದ ಮನೆಯವರು, ಆಫೀಸಿನವರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಹೋಟೆಲ್ ದರ, ಟ್ಯಾಕ್ಸಿ ದರ ಹುಡುಕಬೇಡಿ, ಅವು ವರ್ಷ ವರ್ಷವೂ ಬದಲಾಗುತ್ತವೆ. ಇದು ಆ ನೆಲದ ಬಗ್ಗೆ.

ಲಡಾಖ್ ಇರೋದು ಕಾಶ್ಮೀರದಲ್ಲೇ ಅಲ್ವಾ?

ಮೊದಲು ಜಮ್ಮು ಕಾಶ್ಮೀರ ರಾಜ್ಯದ ಭಾಗವಾಗಿತ್ತು. 2019ರ ಅಕ್ಟೋಬರ್ 31ರಿಂದ ಬೇರೆ ಕೇಂದ್ರಾಡಳಿತ ಪ್ರದೇಶ. ಲೇಹ್ ಮತ್ತು ಕಾರ್ಗಿಲ್ ಮುಖ್ಯ ಪಟ್ಟಣಗಳು. ನೆಲವೂ ಕಾಶ್ಮೀರ ಕಣಿವೆಗಿಂತ ಪೂರ್ತಿ ಬೇರೆ. ಶ್ರೀನಗರದಿಂದ ಬಸ್ಸಿನಲ್ಲಿ ಹೊರಟರೆ ಝೋಜಿ ಲಾ ಎಂಬ ಕಣಿವೆದಾರಿಯವರೆಗೆ ಪೈನ್ ಮರ, ಹುಲ್ಲುಗಾವಲು. ಅದನ್ನು ದಾಟಿದ ಮೇಲೆ ಮರಗಳೇ ನಿಂತುಹೋಗುತ್ತವೆ. ಇಷ್ಟು ಬೇಗ ಹೇಗೆ ಬದಲಾಯಿತು ಎಂದು ಹಿಂದೆ ತಿರುಗಿ ನೋಡುವಂತಾಗುತ್ತದೆ.

ಎಷ್ಟು ದೊಡ್ಡದು ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಆಡಳಿತದಲ್ಲಿರುವ ಲಡಾಖ್ ಸುಮಾರು 59,000 ಚದರ ಕಿಲೋಮೀಟರ್. ಮಂಡ್ಯ ಜಿಲ್ಲೆ 5,000ಕ್ಕೆ ಸ್ವಲ್ಪ ಕಡಿಮೆ. ಅಂದರೆ ಹನ್ನೆರಡು ಮಂಡ್ಯ ಜಿಲ್ಲೆ ಹಿಡಿಸುವಷ್ಟು ಜಾಗ. ಆದರೆ ಜನ? 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ 18 ಲಕ್ಷ, ಇಡೀ ಲಡಾಖಿನಲ್ಲಿ 2.74 ಲಕ್ಷ. ಮೈಸೂರು ನಗರವೊಂದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಗಂಟೆಗಟ್ಟಲೆ ಕಾರಿನಲ್ಲಿ ಕೂತರೂ ಒಂದು ಮನೆ ಕಾಣದಿದ್ದರೆ ಆಶ್ಚರ್ಯಪಡಬೇಡಿ.

ಮರುಭೂಮಿ ಅಂತೀರಿ, ಹಿಮ ಬೀಳುತ್ತೆ ಅಂತೀರಿ. ಎರಡೂ ಒಟ್ಟಿಗೆ ಹೇಗೆ?

ಮರುಭೂಮಿ ಎಂದ ತಕ್ಷಣ ನಮಗೆ ಸುಡುವ ಮರಳು ನೆನಪಾಗುತ್ತದೆ. ಆದರೆ ಮರುಭೂಮಿಯಾಗಲು ಬಿಸಿ ಬೇಕಿಲ್ಲ, ಮಳೆ ಇಲ್ಲದಿದ್ದರೆ ಸಾಕು. ಲೇಹ್‌ನಲ್ಲಿ ವರ್ಷಕ್ಕೆ ಮಳೆ, ಹಿಮ ಎರಡೂ ಸೇರಿ ಸುಮಾರು 10 ಸೆಂಟಿಮೀಟರ್. ಮೈಸೂರಿನಲ್ಲಿ 80ರ ಆಸುಪಾಸು. ನಮ್ಮಲ್ಲಿ ಒಂದೆರಡು ಜೋರು ಮಳೆಗೆ ಬೀಳುವಷ್ಟು ನೀರು ಅಲ್ಲಿಗೆ ಇಡೀ ವರ್ಷದ ಪಾಲು.

ಕಾರಣ ನಮಗೆ ಗೊತ್ತಿರುವುದೇ. ಮುಂಗಾರಿನ ಮೋಡ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮಡಿಕೇರಿಯಲ್ಲಿ ಸುರಿದುಬಿಡುತ್ತದೆ. ಹುಣಸೂರಿಗೆ ಬರುವಷ್ಟರಲ್ಲಿ ಅರ್ಧ ಖಾಲಿ, ಮಂಡ್ಯಕ್ಕೆ ಬರುವಷ್ಟರಲ್ಲಿ ಬರೀ ನೆರಳು. ಹಿಮಾಲಯದಲ್ಲೂ ಅದೇ ಕಥೆ, ಗೋಡೆ ಮಾತ್ರ ನಾಲ್ಕು ಪಟ್ಟು ಎತ್ತರ. ಲಡಾಖಿನ ದಕ್ಷಿಣಕ್ಕಿರುವ ಝನ್ಸ್ಕಾರ್ ಕಡೆಯ ನುನ್ ಶಿಖರವೇ 7,135 ಮೀಟರ್. ಅದನ್ನು ದಾಟಿ ಮೋಡ ಬರುವುದೇ ಅಪರೂಪ. ಬಂದರೂ ಹೊಟ್ಟೆಯಲ್ಲಿ ನೀರಿರುವುದಿಲ್ಲ.

ಚಳಿಗಾಲದಲ್ಲಿ ಲೇಹ್‌ನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ, ಕಾರ್ಗಿಲ್ ಕಡೆಯ ದ್ರಾಸ್‌ನಲ್ಲಿ ಇನ್ನೂ ಜಾಸ್ತಿ. ಬೇಸಿಗೆ ಮಧ್ಯಾಹ್ನ 25ರ ಮೇಲೆ ಹೋಗುವುದೂ ಉಂಟು. ಗಾಳಿ ತೆಳು, ಬಿಸಿಲು ನೇರ. ಬಿಸಿಲಲ್ಲಿ ನಿಂತರೆ ಸ್ವೆಟರ್ ಬಿಚ್ಚಬೇಕು, ಗೋಡೆಯ ನೆರಳಿಗೆ ಎರಡು ಹೆಜ್ಜೆ ಸರಿದರೆ ಮತ್ತೆ ಹಾಕಿಕೊಳ್ಳಬೇಕು.

ಮಳೆನೇ ಇಲ್ಲ ಅಂದ್ಮೇಲೆ ಜನ ಬದುಕೋದು ಹೇಗೆ?

ನನಗೆ ಇಷ್ಟವಾದ ಪ್ರಶ್ನೆ ಇದು. ಲಡಾಖ್ ಅರ್ಥ ಆಗಬೇಕಾದರೆ ಬೆಟ್ಟ, ಸರೋವರಕ್ಕಿಂತ ಮೊದಲು ಅಲ್ಲಿನ ನೀರಿನ ದಾರಿ ನೋಡಬೇಕು. ನಮ್ಮ ಮಂಡ್ಯದವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಎಂದು ನಾನು ನಂಬುತ್ತೇನೆ. ಕನ್ನಂಬಾಡಿ ಕಟ್ಟೆ ಕಟ್ಟಿ ವಿಸಿ ನಾಲೆ ಬರುವ ಮೊದಲು ನಮ್ಮ ಊರುಗಳೂ ರಾಗಿ, ಹುರುಳಿ ಬೆಳೆಯುವ ಒಣಭೂಮಿಯಾಗಿದ್ದವು ಎಂದು ಅಜ್ಜಂದಿರು ಹೇಳುತ್ತಿದ್ದರಲ್ಲ. ಈಗಲೂ ನಾಲೆ ಮುಗಿಯುವ ಕಡೆ ಹಸಿರೂ ಮುಗಿಯುತ್ತದೆ. ಲಡಾಖಿನಲ್ಲಿ ಅದೇ ಗೆರೆ, ಚಾಕುವಿನಲ್ಲಿ ಕೊಯ್ದ ಹಾಗೆ. ಗೆರೆಯ ಈಚೆ ಬಾರ್ಲಿ ಗದ್ದೆ, ಏಪ್ರಿಕಾಟ್ ಮರ, ಪಾಪ್ಲರ್ ಸಾಲು. ಗೆರೆಯ ಆಚೆ ಕಲ್ಲು, ಹುಲ್ಲುಕಡ್ಡಿಯೂ ಇಲ್ಲ.

ನೀರು ಬರುವುದು ಬೆಟ್ಟದ ಮೇಲಿನ ಹಿಮನದಿಯಿಂದ. ಕರಗಿದ ನೀರು ಹಳ್ಳವಾಗಿ ಇಳಿಯುತ್ತದೆ. ಊರಿಗಿಂತ ಮೇಲೆ ಆ ಹಳ್ಳಕ್ಕೆ ಕಲ್ಲು ಒಡ್ಡಿ ಬೆಟ್ಟದ ಪಕ್ಕೆಯಲ್ಲೇ ಕಾಲುವೆ ತೆಗೆದಿರುತ್ತಾರೆ. ಅದಕ್ಕೆ ‘ಯುರಾ’ ಎನ್ನುತ್ತಾರೆ. ರಾತ್ರಿ ನೀರು ತುಂಬಿಸಿಕೊಳ್ಳಲು ಸಣ್ಣ ಕಟ್ಟೆ ಇರುತ್ತದೆ, ಅದು ‘ಝಿಂಗ್’. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ಊರವರೇ ಒಬ್ಬರನ್ನು ನೇಮಿಸುತ್ತಾರೆ, ಅವರು ‘ಚುರ್‌ಪೊನ್’. ನನಗೆ ಇದನ್ನು ವಿವರಿಸಿ ಹೇಳಬೇಕಾಗಲೇ ಇಲ್ಲ. ನಮ್ಮ ಕೆರೆಯ ನೀರುಗಂಟಿ!

ಜೂನಿನಲ್ಲಿ ಲೇಹ್‌ನಿಂದ ಪಶ್ಚಿಮಕ್ಕಿರುವ ಒಂದು ಹಳ್ಳಿಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಆರಕ್ಕೆ ಆ ಮನೆಯ ಅಜ್ಜಿ ಸನಿಕೆ ಹಿಡಿದು ಹೊರಟರು, ನಾನೂ ಹಿಂದೆ ಹೋದೆ. ಕಾಲುವೆ ಒಡೆಯುವ ಜಾಗದಲ್ಲಿ ಒಂದು ಚಪ್ಪಟೆ ಕಲ್ಲು, ಅದರ ಸಂದಿಗೆ ಹಳೇ ಬಟ್ಟೆ ತುರುಕಿ, ಮೇಲೆ ಹುಲ್ಲಿನ ಹೆಂಟೆ ಒತ್ತಿತ್ತು. ಅಜ್ಜಿ ಹೆಂಟೆ ಎತ್ತಿ ಪಕ್ಕಕ್ಕಿಟ್ಟರು, ಬಟ್ಟೆ ಎಳೆದರು, ಕಲ್ಲನ್ನು ಕಾಲಿನಿಂದ ಅತ್ತ ತಳ್ಳಿದರು. ನೀರು ಒಂದು ಗಳಿಗೆ ನಿಂತು, ತಿರುಗಿ, ಒಣಗಿದ ಮಡಿಯೊಳಗೆ ನುಗ್ಗಿತು. ಮಣ್ಣು ನೀರು ಕುಡಿಯುವಾಗ ಸಣ್ಣ ಸಣ್ಣ ಗುಳ್ಳೆ ಏಳುತ್ತವಲ್ಲ, ಚಿಟಿಚಿಟಿ ಅನ್ನುತ್ತದಲ್ಲ, ಅದೇ ಸದ್ದು. ನಮ್ಮ ತಾತ ಮಡೆ ತಿರುಗಿಸುವಾಗ ಬದುವಿನ ಮೇಲೆ ಕೂತು ನಾನು ಕೇಳಿದ ಸದ್ದು. ಎರಡೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ, ಭಾಷೆ ಬಾರದ ಊರಿನಲ್ಲಿ, ನನಗೆ ಯಾಕೋ ಗಂಟಲು ಕಟ್ಟಿತು.

ಒಂದು ಕಷ್ಟವೂ ಇದೆ. ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮೇಲಿನ ಹಿಮನದಿ ಚೆನ್ನಾಗಿ ಕರಗುವುದು ಜೂನಿನ ಮೇಲೆ. ಈ ನಡುವಿನ ಎರಡು ತಿಂಗಳಿಗಾಗಿ ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರ್ ಊರಿನ ಹತ್ತಿರವೇ ಚಳಿಗಾಲದ ನೀರನ್ನು ಕಲ್ಲಿನ ಒಡ್ಡುಗಳ ಹಿಂದೆ ಹೆಪ್ಪುಗಟ್ಟಿಸಿ ನಿಲ್ಲಿಸುವುದನ್ನು ಶುರು ಮಾಡಿದರು. ಕೆಳಗಿರುವ ಮಂಜು ಬೇಗ ಕರಗುತ್ತದೆ, ಬಿತ್ತನೆಗೆ ಸಿಗುತ್ತದೆ. ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಸೋನಮ್ ವಾಂಗ್‌ಚುಕ್ ಎಂಬ ಇನ್ನೊಬ್ಬ ಎಂಜಿನಿಯರ್ ಅದನ್ನೇ ಎತ್ತರದ ಗೋಪುರದ ಹಾಗೆ ಮಾಡಿದರು, ಅದಕ್ಕೆ ಐಸ್ ಸ್ತೂಪ ಎಂದು ಹೆಸರು. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ತರುತ್ತಾರೆ, ಇಳಿಜಾರಿನ ಒತ್ತಡಕ್ಕೇ ಅದು ಕಾರಂಜಿಯಂತೆ ಮೇಲೆ ಚಿಮ್ಮುತ್ತದೆ, ರಾತ್ರಿಯ ಚಳಿಗೆ ಬೀಳುವಷ್ಟರಲ್ಲೇ ಮಂಜಾಗುತ್ತದೆ. ಮೋಟರ್ ಬೇಡ. ಗೋಪುರದ ಆಕಾರ ಯಾಕೆಂದರೆ, ಅಷ್ಟೇ ನೀರನ್ನು ನೆಲದ ಮೇಲೆ ಹರಡಿದರೆ ಬಿಸಿಲು ಜಾಸ್ತಿ ತಾಗಿ ಬೇಗ ಕರಗಿಹೋಗುತ್ತದೆ. ಫೆಬ್ರವರಿಯಲ್ಲಿ ಹೋದಾಗ ಒಂದನ್ನು ನೋಡಿದೆ. ಒಳಗೆ ಕಟ್ಟಿದ್ದ ಮುಳ್ಳುಕೊಂಬೆಗಳ ಮೇಲೆಲ್ಲ ಮಂಜು ಕಡ್ಡಿಯಾಗಿ ಇಳಿಬಿದ್ದಿತ್ತು.

ಅಲ್ಲಿ ಯಾವ ನದಿ ಇದೆ?

ಸಿಂಧೂ. ಶಾಲೆಯಲ್ಲಿ ಓದಿದ ಅದೇ ಸಿಂಧೂ. ಟಿಬೆಟಿನಲ್ಲಿ ಕೈಲಾಸದ ಕಡೆ ಹುಟ್ಟಿ ಲಡಾಖ್ ಮತ್ತು ಝನ್ಸ್ಕಾರ್ ಎಂಬ ಎರಡು ಪರ್ವತ ಸಾಲುಗಳ ನಡುವೆ ವಾಯವ್ಯಕ್ಕೆ ಹರಿಯುತ್ತದೆ. ಹೆಸರು ಕೇಳಿ ದೊಡ್ಡ ಹೊಳೆ ಎಂದುಕೊಂಡು ಹೋದವರಿಗೆ ಲೇಹ್ ಹತ್ತಿರ ಅದರ ಅಗಲ ನೋಡಿ ಇಷ್ಟೇನಾ ಅನಿಸಬಹುದು. ಆದರೆ ಊರುಗಳು, ಗೊಂಪಗಳು (ಬೌದ್ಧ ಮಠಗಳು), ರಸ್ತೆ, ವಿಮಾನ ನಿಲ್ದಾಣ ಎಲ್ಲವೂ ಅದರ ದಡ ಹಿಡಿದೇ ಕೂತಿವೆ.

ಲೇಹ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ನಿಮ್ಮು ಎಂಬಲ್ಲಿ ಝನ್ಸ್ಕಾರ್ ನದಿ ಬಂದು ಸಿಂಧೂವಿಗೆ ಸೇರುತ್ತದೆ. ಟಿ. ನರಸೀಪುರದಲ್ಲಿ ಕಾವೇರಿ, ಕಪಿಲೆ ಸೇರುವುದನ್ನು ನೋಡಿದವರು ಇಲ್ಲೂ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡು ನೀರಿಗೂ ಎರಡು ಬಣ್ಣ, ಒಂದು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿದು ಆಮೇಲೆ ಬೆರೆಯುತ್ತವೆ. ಬಣ್ಣ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಝನ್ಸ್ಕಾರ್ ನದಿಯೇ ಹೆಪ್ಪುಗಟ್ಟಿ ಮೇಲೆ ನಡೆಯುವ ದಾರಿಯಾಗುತ್ತದೆ, ಅದೇ ‘ಚಾದರ್’. ಚಳಿಗಾಲದಲ್ಲಿ ಕಣಿವೆಯೊಳಗಿನ ಜನರಿಗೆ ಹೊರಗೆ ಬರಲು ಅದೇ ದಾರಿಯಾಗಿತ್ತು.

ಉತ್ತರಕ್ಕೆ ನುಬ್ರಾ ಮತ್ತು ಶ್ಯೋಕ್ ನದಿಗಳಿವೆ. ಅವು ಕಾರಕೋರಂ ಕಡೆಯ ನೀರು.

ಊರ ಹೆಸರಲ್ಲೆಲ್ಲ ‘ಲಾ’, ‘ತ್ಸೋ’ ಅಂತ ಬರುತ್ತಲ್ಲ, ಏನದು?

‘ಲಾ’ ಅಂದರೆ ಬೆಟ್ಟ ದಾಟುವ ಕಣಿವೆದಾರಿ, ನಮ್ಮಲ್ಲಿ ಘಾಟಿ ಅನ್ನುತ್ತೇವಲ್ಲ ಹಾಗೆ. ‘ತ್ಸೋ’ ಸರೋವರ. ‘ಚು’ ನೀರು. ‘ರಿ’ ಬೆಟ್ಟ, ‘ಕಾಂಗ್ರಿ’ ಹಿಮದ ಬೆಟ್ಟ. ಲಡಾಖ್ ಎಂದರೇ ಘಾಟಿಗಳ ನಾಡು. ಇಷ್ಟು ಗೊತ್ತಿದ್ದರೆ ನಕ್ಷೆ ತಾನಾಗೇ ಮಾತಾಡುತ್ತದೆ.

ಖರ್ದುಂಗ್ ಲಾ ಪ್ರಪಂಚದಲ್ಲೇ ಎತ್ತರದ ರಸ್ತೆ ಅಂತೆ, ಹೌದಾ?

ಅಲ್ಲ. ಅಲ್ಲಿ ಬಹಳ ಕಾಲ ಬೋರ್ಡಿನಲ್ಲಿ 18,380 ಅಡಿ ಎಂದೇ ಬರೆದಿತ್ತು. ಸರಿಯಾಗಿ ಅಳೆದಾಗ ಸಿಕ್ಕಿದ್ದು 5,359 ಮೀಟರ್, ಅಂದರೆ 17,582 ಅಡಿ. ಪೂರ್ವ ಲಡಾಖಿನ ಉಮ್ಲಿಂಗ್ ಲಾ ಮೇಲೆ ಗಡಿ ರಸ್ತೆ ಸಂಸ್ಥೆಯವರು ಹಾಕಿದ ರಸ್ತೆ 19,024 ಅಡಿಯಲ್ಲಿದೆ. ಆದರೂ ಖರ್ದುಂಗ್ ಲಾ ಕಡಿಮೆಯೇನಲ್ಲ. ನಮ್ಮ ಚಾಮುಂಡಿ ಬೆಟ್ಟ ಸಾವಿರ ಮೀಟರಿಗೆ ಸ್ವಲ್ಪ ಜಾಸ್ತಿ, ಹಾಗಾಗಿ ಐದು ಚಾಮುಂಡಿ ಬೆಟ್ಟ ಒಂದರ ಮೇಲೊಂದು ಇಟ್ಟುಕೊಳ್ಳಿ. ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ. ಫೋಟೋ ತೆಗೆಸಿಕೊಂಡು ಹದಿನೈದು ನಿಮಿಷದಲ್ಲಿ ಇಳಿಯಿರಿ.

ಪ್ಯಾಂಗಾಂಗ್ ಸರೋವರದ ನೀರು ಉಪ್ಪಾ? ಯಾಕೆ?

ಹೌದು, ಉಪ್ಪು. ಹಳ್ಳಗಳು ಬಂದು ಸೇರುತ್ತವೆ, ಆದರೆ ಹೊರಗೆ ಹೋಗಲು ದಾರಿಯಿಲ್ಲ. ನೀರು ಆವಿಯಾಗುತ್ತದೆ, ಹಳ್ಳ ತಂದ ಉಪ್ಪು ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಇದೇ ನಡೆದರೆ ಉಪ್ಪಾಗದೆ ಏನಾಗುತ್ತದೆ? ಉದ್ದ ಸುಮಾರು 134 ಕಿಲೋಮೀಟರ್, ಮೈಸೂರಿನಿಂದ ಬೆಂಗಳೂರಿಗೆ ಇರುವ ದೂರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಜಾಸ್ತಿ ಭಾಗ ಟಿಬೆಟ್ ಕಡೆಗಿದೆ. ಎತ್ತರ 4,200 ಮೀಟರಿಗಿಂತ ಜಾಸ್ತಿ. ಉಪ್ಪು ನೀರಾದರೂ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬೂದು, ಹತ್ತು ಗಂಟೆಗೆ ಹಸಿರು, ಮಧ್ಯಾಹ್ನ ಗಾಢ ನೀಲಿ. ಒಂದು ರಾತ್ರಿ ಅಲ್ಲೇ ಉಳಿದರೆ ಮಾತ್ರ ಇದೆಲ್ಲ ಕಾಣುತ್ತದೆ, ಹೋಗಿ ಅರ್ಧ ಗಂಟೆಯಲ್ಲಿ ವಾಪಸ್ ಬಂದರೆ ಒಂದೇ ಬಣ್ಣ.

ನನ್ನ ಮನಸ್ಸಿಗೆ ಹತ್ತಿರವಾದದ್ದು ತ್ಸೋ ಮೊರಿರಿ. ಇನ್ನೂ ಎತ್ತರ, ಸುಮಾರು 4,500 ಮೀಟರ್. ಜನ ಕಡಿಮೆ. ದಾರಿಯಲ್ಲಿ ತ್ಸೋ ಕರ್ ಎಂಬ ಉಪ್ಪಿನ ಸರೋವರ ಸಿಗುತ್ತದೆ, ಅಂಚಿನಲ್ಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಎರಡೂ ಕಾಪಾಡಬೇಕಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಯಲ್ಲಿವೆ. ಕಾಡುಕತ್ತೆ ಜಾತಿಯ ಕಿಯಾಂಗ್‌ಗಳು ಗುಂಪಾಗಿ ಓಡುವುದನ್ನು ಅಲ್ಲಿ ನೋಡಿದೆ. ಚಾಂಗ್‌ಪಾ ಎಂಬ ಅಲೆಮಾರಿ ಜನ ಪಶ್ಮಿನಾ ಮೇಕೆ ಮೇಯಿಸುವುದೂ ಈ ಚಾಂಗ್‌ಥಾಂಗ್ ಬಯಲಿನಲ್ಲೇ.

ಇನ್ನೊಂದು ಮಾತು. ತ್ಸೋ ಮೊರಿರಿಯ ದಡದಲ್ಲಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಬೂದು ಬಾತು ಮರಿ ಮಾಡುತ್ತದೆ. ಈ ಪಟ್ಟೆತಲೆ ಹೆಬ್ಬಾತನ್ನು ನೋಡಲು ಲಡಾಖಿಗೇ ಹೋಗಬೇಕಿಲ್ಲ, ಚಳಿಗಾಲದಲ್ಲಿ ಇದೇ ಜಾತಿಯ ಹಕ್ಕಿಗಳು ಹಿಮಾಲಯ ದಾಟಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುತ್ತವೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಮರಳಿನ ದಿಬ್ಬ, ಎರಡು ಡುಬ್ಬದ ಒಂಟೆ ಎಲ್ಲಿ?

ನುಬ್ರಾ ಕಣಿವೆಯ ಹುಂಡರ್‌ನಲ್ಲಿ. ಹಿಮದ ಬೆಟ್ಟ ಹಿಂದೆ, ಮರಳು ಮುಂದೆ. ತಲಕಾಡು ನೋಡಿದವರಿಗೆ ಮರಳು ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ಹೊಳೆ ಮರಳು ತಂದು ಹಾಕುತ್ತದೆ, ನೀರು ಇಳಿದ ಮೇಲೆ ಗಾಳಿ ಅದನ್ನು ಎತ್ತಿ ಒಂದು ಕಡೆ ಗುಡ್ಡೆ ಹಾಕುತ್ತದೆ. ಅಲ್ಲಿ ಶ್ಯೋಕ್, ಇಲ್ಲಿ ಕಾವೇರಿ. ನಮ್ಮಲ್ಲಿ ‘ತಲಕಾಡು ಮರಳಾಗಲಿ’ ಎಂಬ ಶಾಪದ ಕಥೆ ಇದೆ, ಅಲ್ಲಿ ಅಂಥದ್ದು ನನಗೆ ಯಾರೂ ಹೇಳಲಿಲ್ಲ. ಒಂಟೆಗಳು ಮಧ್ಯ ಏಷ್ಯಾದ ಬ್ಯಾಕ್ಟ್ರಿಯನ್ ಜಾತಿಯವು. ಯಾರ್ಕಂದ್ ಕಡೆಯ ವ್ಯಾಪಾರದ ಸಾರ್ಥಗಳಲ್ಲಿ ಸರಕು ಹೊತ್ತು ಬರುತ್ತಿದ್ದವು, ಗಡಿ ಮುಚ್ಚಿದ ಮೇಲೆ ಇಲ್ಲೇ ಉಳಿದವು.

ಹತ್ತಿರದ ದಿಸ್ಕಿತ್ ಗೊಂಪದ ಬಳಿ 32 ಮೀಟರ್ ಎತ್ತರದ ಮೈತ್ರೇಯ, ಅಂದರೆ ಮುಂದೆ ಬರಲಿರುವ ಬುದ್ಧನ ವಿಗ್ರಹ ಇದೆ. ಇನ್ನೂ ಮುಂದೆ ಹೋದರೆ ತುರ್ತುಕ್, 1971ರ ಯುದ್ಧದಲ್ಲಿ ಭಾರತದ ಕಡೆಗೆ ಬಂದ ಬಾಲ್ತಿ ಜನರ ಹಳ್ಳಿ. ಅಲ್ಲಿನ ಏಪ್ರಿಕಾಟ್ ತಿನ್ನದೆ ಬರಬೇಡಿ.

ಗೊಂಪ ತುಂಬಾ ಇವೆಯಂತೆ, ಯಾವುದು ನೋಡಬೇಕು?

ಎಲ್ಲವನ್ನೂ ಓಡೋಡಿ ನೋಡಿದರೆ ಎರಡನೇ ದಿನಕ್ಕೆ ಎಲ್ಲ ಒಂದೇ ಥರ ಕಾಣುತ್ತವೆ. ನಾನು ಮೂರು ಹೇಳುತ್ತೇನೆ. ಥಿಕ್ಸೆ, ಗುಡ್ಡದ ಮೇಲಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹನ್ನೆರಡು ಅಂತಸ್ತಿನ ಕಟ್ಟಡ, ಒಳಗೆ ಎರಡು ಅಂತಸ್ತು ಎತ್ತರದ ಮೈತ್ರೇಯ. ಅದರ ಮಾಳಿಗೆಯಿಂದ ಸಿಂಧೂ ಕಣಿವೆಯ ಹಸಿರು ಪಟ್ಟಿ ಪೂರ್ತಿ ಕಾಣುತ್ತದೆ. ಆಮೇಲೆ ಲಾಮಾಯುರು. ಮೂರನೆಯದು ಆಲ್ಚಿ.

ಆಲ್ಚಿ ಹೊರಗಿನಿಂದ ಮಣ್ಣಿನ ಹಳೇ ಮನೆಯ ಹಾಗೆ ಕಾಣುತ್ತದೆ. ಬೆಟ್ಟದ ಮೇಲೂ ಇಲ್ಲ, ಸಮತಟ್ಟು ನೆಲದಲ್ಲಿ ಹೊಳೆಯ ಪಕ್ಕ. ಬಗ್ಗಿ ಒಳಗೆ ಹೋದರೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆ ಪೂರ್ತಿ ಚಿತ್ರ, 11-12ನೇ ಶತಮಾನದ ಕಾಲದವು, ಬೆರಳುಗುರಿನಷ್ಟು ಜಾಗದಲ್ಲಿ ಒಬ್ಬ ಬುದ್ಧ. ಕೈಶೈಲಿಯಲ್ಲಿ ಕಾಶ್ಮೀರದ ಕಲಾವಿದರ ಗುರುತು ಇದೆ. ಒಳಗೆ ಫೋಟೋ ತೆಗೆಯುವಂತಿಲ್ಲ, ದಯವಿಟ್ಟು ಕದ್ದು ತೆಗೆಯಬೇಡಿ. ಬರೀ ಮಣ್ಣಿನ ಗೋಡೆ ಅದು, ಮಳೆ ಬರದ ನಾಡು ಎಂಬ ಕಾರಣಕ್ಕೇ ಇಷ್ಟು ಕಾಲ ಉಳಿದಿದೆ.

ಗೊಂಪ, ಸ್ತೂಪ, ಮಂತ್ರ ಕೆತ್ತಿದ ಮಣಿ ಕಲ್ಲಿನ ಗೋಡೆ ಯಾವುದಾದರೂ ಬಲಗಡೆ ಇರುವಂತೆ ನಡೆಯಬೇಕು. ನಮ್ಮ ಪ್ರದಕ್ಷಿಣೆಯೇ.

ಬೈಲಕುಪ್ಪೆಗೆ ಹೋದವರಿಗೆ ಇದರಲ್ಲಿ ಬಹಳಷ್ಟು ಪರಿಚಯದ್ದೇ ಅನಿಸುತ್ತದೆ. ಲಡಾಖಿನ ಎಷ್ಟೋ ಹುಡುಗರು ಓದಲು ಬರುವುದೂ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಆ ಮಠಗಳಿಗೇ. ಒಂದು ಗೊಂಪದ ಅಂಗಳದಲ್ಲಿ ನಾವು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದಾಗ ಒಬ್ಬ ಲಾಮಾ ಹತ್ತಿರ ಬಂದು ‘ಊಟ ಆಯ್ತಾ?’ ಎಂದರು. ಒಂಬತ್ತು ವರ್ಷ ಬೈಲಕುಪ್ಪೆಯಲ್ಲಿದ್ದರಂತೆ. ಕುಶಾಲನಗರದ ಬಸ್ ಸ್ಟ್ಯಾಂಡ್ ಹೇಗಿದೆ ಎಂದು ವಿಚಾರಿಸಿದರು.

ಲಾಮಾಯುರುವಿನಲ್ಲಿ ಚಂದ್ರನ ಮೇಲಿನ ಥರ ನೆಲ ಇದೆಯಂತೆ?

ಹಳದಿ ಮಣ್ಣು, ಮಡಿಕೆ ಮಡಿಕೆಯಾಗಿ ಸವೆದ ಗುಡ್ಡಗಳು. ಹಿಂದೆ ಅಲ್ಲಿ ಸರೋವರ ಇತ್ತು, ಅದರ ತಳದ ಮೆತ್ತನೆ ಮಣ್ಣು ಅದು. ನೀರು ಹೋದ ಮೇಲೆ ಗಾಳಿ, ಹಿಮ ಕೊರೆದು ಈ ಆಕಾರ ಬಂತು. ಇಡೀ ಲಡಾಖಿನ ಕಥೆಯೇ ಹಾಗೆ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಭೂಭಾಗ ಬಂದು ಏಷ್ಯಾಕ್ಕೆ ಗುದ್ದಿತು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು, ಅದರ ತಳ ಮೇಲೆದ್ದು ಬೆಟ್ಟವಾಯಿತು. ಹಾಗಾಗಿ ಝನ್ಸ್ಕಾರ್ ಬೆಟ್ಟಗಳಲ್ಲಿ ಸಮುದ್ರ ಜೀವಿಗಳ ಚಿಪ್ಪಿನ ಅಚ್ಚು ಸಿಗುತ್ತದೆ. ನಮ್ಮ ಚಾಮುಂಡಿ ಬೆಟ್ಟದ ಬಂಡೆ ಹಿಮಾಲಯ ಏಳುವುದಕ್ಕಿಂತ ಎಷ್ಟೋ ಹಳೆಯದು. ಹಿಮಾಲಯ ಇನ್ನೂ ಎಳೆಯ ಬೆಟ್ಟ, ಈಗಲೂ ಬೆಳೆಯುತ್ತಿದೆ.

ಮ್ಯಾಗ್ನೆಟಿಕ್ ಹಿಲ್ ಕಾರನ್ನು ಮೇಲಕ್ಕೆ ಎಳೆಯುತ್ತಾ?

ಇಲ್ಲ. ಸುತ್ತಲಿನ ಬೆಟ್ಟದ ಓರೆಯಿಂದ ಇಳಿಜಾರು ಏರಿನ ಹಾಗೆ ಕಾಣುತ್ತದೆ, ಅಷ್ಟೇ. ಕಾರು ಇಳಿಯುತ್ತಿರುತ್ತದೆ.

ಹಾನ್ಲೆಗೆ ಹೋಗಬಹುದಾ? ಅಲ್ಲಿ ಏನಿದೆ?

ಪೂರ್ವ ಲಡಾಖಿನ ಹಳ್ಳಿ ಅದು. ರಾತ್ರಿಯ ಆಕಾಶ ಇದೆ. ಮೋಡ ಕಡಿಮೆ, ಗಾಳಿಯಲ್ಲಿ ತೇವ ಇಲ್ಲ, ಊರಿನ ದೀಪ ಇಲ್ಲ. ಹಾಗಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅಲ್ಲಿ 4,500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ಮಾಡಿದೆ. 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ (ವಿಜ್ಞಾನಿ ಚಂದ್ರಶೇಖರ್ ಹೆಸರಿನದು) ಅಲ್ಲಿದೆ. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ನಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು. ಗಾಮಾ ಕಿರಣ ಹಿಡಿಯುವ 21 ಮೀಟರ್ ವ್ಯಾಸದ ಮೇಸ್ ಎಂಬ ಇನ್ನೊಂದು ದೊಡ್ಡ ದೂರದರ್ಶಕವೂ ಅಲ್ಲೇ ಇದೆ. ಸುತ್ತಲಿನ ಜಾಗವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಕಾಪಾಡುತ್ತಿದ್ದಾರೆ. ರಾತ್ರಿ ಹೆಡ್‌ಲೈಟ್, ಮೊಬೈಲ್ ಟಾರ್ಚ್ ಹಾಕಿಕೊಂಡು ಓಡಾಡಬೇಡಿ. ಹತ್ತು ನಿಮಿಷ ಕಣ್ಣಿಗೆ ಸಮಯ ಕೊಡಿ, ಆಕಾಶಗಂಗೆ ಒಂದು ದಿಗಂತದಿಂದ ಇನ್ನೊಂದಕ್ಕೆ ಕಾಣುತ್ತದೆ.

ಉಸಿರು ಕಟ್ಟುತ್ತೆ ಅಂತಾರೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಮೈಸೂರು 760ರ ಹತ್ತಿರ. ವಿಮಾನದಲ್ಲಿ ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗ.

ಮೊದಲ ದಿನ ಸುಮ್ನೆ ಇರಿ ಎಂಬ ಮಾತನ್ನು ಮೊದಲ ಸಲ ನಾನು ಕೇಳಲಿಲ್ಲ. ಬೆಳಿಗ್ಗೆ ಇಳಿದವರು ಸಂಜೆಗೇ ಲೇಹ್ ಅರಮನೆಯ ಏರು ಹತ್ತಿದೆವು. 17ನೇ ಶತಮಾನದಲ್ಲಿ ಸೆಂಗ್ಗೆ ನಾಮ್‌ಗ್ಯಾಲ್ ರಾಜನ ಕಾಲದಲ್ಲಿ ಕಟ್ಟಿದ ಒಂಬತ್ತು ಅಂತಸ್ತಿನ ಅರಮನೆ, ಮೇಲಿನಿಂದ ಊರು ಬಹಳ ಚೆಂದ ಕಾಣುತ್ತಿತ್ತು. ರಾತ್ರಿ ಹನ್ನೊಂದಕ್ಕೆ ತಲೆ ಸಿಡಿಯಲು ಶುರುವಾಯಿತು, ಎರಡು ಸಲ ವಾಂತಿ, ಮಲಗಿದರೆ ಉಸಿರು ಸಾಲದ ಹಾಗೆ. ಉಳಿದಿದ್ದ ಮನೆಯ ಅಮ್ಮ ಬಿಸಿನೀರು ಕೊಟ್ಟು, ಮಗನನ್ನು ಎಬ್ಬಿಸಿ ಆಸ್ಪತ್ರೆಗೆ ಕಳಿಸಿದರು. ಎರಡು ಗಂಟೆ ಆಮ್ಲಜನಕ ಕೊಟ್ಟ ಮೇಲೆ ಸರಿಹೋಯಿತು. ಜೊತೆಗಿದ್ದ ನನ್ನ ಹೆಂಡತಿ ಆ ರಾತ್ರಿ ಪಟ್ಟ ಭಯ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಕೇಳಿ. ಮೊದಲ ಎರಡು ದಿನ ಲೇಹ್‌ನಲ್ಲಿ ಸುಮ್ನೆ ಇರಿ. ನೀರು ಕುಡಿಯಿರಿ, ಮದ್ಯ ಬೇಡ. ಹೃದಯ, ಶ್ವಾಸಕೋಶದ ತೊಂದರೆ, ಬಿಪಿ ಇರುವವರು, ಗರ್ಭಿಣಿಯರು ಟಿಕೆಟ್ ಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ತಲೆನೋವು ಜಾಸ್ತಿಯಾಗುತ್ತಿದ್ದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ ಅಥವಾ ಕೆಳಗಿನ ಊರಿಗೆ ಇಳಿಯಿರಿ. ನಮ್ಮ ಅತ್ತೆಗೆ ಆಗ 64 ವರ್ಷ, ಎರಡನೇ ಸಲ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಮೂರು ದಿನ ನಿಧಾನ ಮಾಡಿದ್ದಕ್ಕೆ ಅವರಿಗೆ ಏನೂ ಆಗಲಿಲ್ಲ.

ಯಾವಾಗ, ಹೇಗೆ ಹೋಗೋದು?

ಜೂನ್‌ನಿಂದ ಸೆಪ್ಟೆಂಬರ್. ವಿಮಾನವಾದರೆ ಬೆಂಗಳೂರು, ದೆಹಲಿ, ಲೇಹ್. ರಸ್ತೆಯಲ್ಲಿ ಎರಡು ದಾರಿ. ಶ್ರೀನಗರದಿಂದ ಸುಮಾರು 420 ಕಿಲೋಮೀಟರ್, ಕಾರ್ಗಿಲ್‌ನಲ್ಲಿ ಒಂದು ರಾತ್ರಿ. ಎತ್ತರ ನಿಧಾನವಾಗಿ ಏರುವುದರಿಂದ ನಾನು ಇದನ್ನೇ ಹೇಳುತ್ತೇನೆ, ದಾರಿಯಲ್ಲಿ ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕವೂ ಸಿಗುತ್ತದೆ, ಹಿಂದೆಯೇ ತೊಲೊಲಿಂಗ್ ಬೆಟ್ಟ. ಮನಾಲಿ ಕಡೆಯ ದಾರಿ 9 ಕಿಲೋಮೀಟರಿನ ಅಟಲ್ ಸುರಂಗದಿಂದ ಸುಲಭವಾಗಿದೆ, ಆದರೆ ರಾತ್ರಿ ಸರ್ಚುವಿನಲ್ಲಿ 4,290 ಮೀಟರಿನಲ್ಲಿ ಮಲಗಬೇಕಾಗುತ್ತದೆ. ನುಬ್ರಾ, ಪ್ಯಾಂಗಾಂಗ್, ಹಾನ್ಲೆ ಕಡೆಗೆ ನೋಂದಣಿ, ಶುಲ್ಕದ ನಿಯಮಗಳಿವೆ, ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಊಟಕ್ಕೆ ಏನು ಮಾಡ್ತೀರಿ? ಮುದ್ದೆ ಇಲ್ಲದೆ ಆಗುತ್ತಾ?

ಮುದ್ದೆ ಇದೆ! ‘ಪಾಬಾ’ ಎನ್ನುತ್ತಾರೆ. ಬಾರ್ಲಿ, ಬಟಾಣಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತೊಳೆಸಿ ಉಂಡೆ ಕಟ್ಟುತ್ತಾರೆ. ಜೊತೆಗೆ ‘ತಾಂಗ್‌ತುರ್’, ಮಜ್ಜಿಗೆಗೆ ಕಾಡುಸೊಪ್ಪು ಹಾಕಿದ್ದು. ನಮ್ಮತ್ತೆ ಮೊದಲ ತುತ್ತು ಮುರಿದು ಬಾಯಿಗಿಟ್ಟು, ಇನ್ನೊಂದು ಸ್ವಲ್ಪ ಹೊತ್ತು ಬೇಯಬೇಕಿತ್ತು ಅಂದರು. ಪೂರ್ತಿ ಉಂಡೆ ಖಾಲಿ ಮಾಡಿದರು. ಥುಕ್ಪಾ (ನೂಡಲ್ಸ್ ಸಾರು), ಸ್ಕ್ಯೂ (ಹಿಟ್ಟಿನ ತುಂಡು, ತರಕಾರಿ ಬೇಯಿಸಿದ್ದು), ಖಂಬೀರ್ ರೊಟ್ಟಿ, ಉಪ್ಪು ಬೆಣ್ಣೆ ಹಾಕಿದ ಚಹಾ ಸಿಗುತ್ತವೆ. ಚಹಾವನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದರೆ ಹಿಡಿಸುತ್ತದೆ.

ಮಳೆ ಬಂದ್ರೆ ಅಲ್ಲಿಯವರಿಗೆ ಖುಷಿನಾ?

ಜೋರು ಮಳೆ ಎಂದರೆ ಭಯ. ಮನೆಗಳು ಮಣ್ಣಿನ ಇಟ್ಟಿಗೆಯವು, ಚಾವಣಿಯೂ ಮಣ್ಣು. ಬೆಟ್ಟದಲ್ಲಿ ಮಣ್ಣು ಹಿಡಿಯಲು ಒಂದು ಬೇರೂ ಇಲ್ಲ. 2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟವಾದಾಗ ಕೆಸರು, ಕಲ್ಲು ಸಮೇತ ಇಳಿದು ಲೇಹ್ ಸುತ್ತಮುತ್ತ 200ಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯಲ್ಲಿ ಒಣಗಿದ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬೇಡಿ ಎಂದು ಊರವರು ಹೇಳಿದರೆ ವಾದ ಮಾಡಬೇಡಿ.

ಸ್ನಾನ, ಶೌಚಾಲಯಕ್ಕೆ ತೊಂದರೆ ಆಗಲ್ವಾ?

ಹಳ್ಳಿ ಮನೆಯಲ್ಲಿ ನೀರಿಲ್ಲದ ಶೌಚಾಲಯ ಇರುತ್ತದೆ. ಮಾಳಿಗೆಯ ಕೋಣೆ, ನೆಲದಲ್ಲಿ ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಮತ್ತು ಸಲಿಕೆ. ಮುಗಿದ ಮೇಲೆ ಒಂದು ಸಲಿಕೆ ಮಣ್ಣು ಹಾಕಬೇಕು. ವಾಸನೆ ಬರುವುದಿಲ್ಲ. ಕೊಳೆತದ್ದು ಗದ್ದೆಗೆ ಗೊಬ್ಬರ. ಅದನ್ನು ನೋಡಿ ಮೂಗು ಮುಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತು ಸೆಂಟಿಮೀಟರ್ ನೀರಿನಲ್ಲಿ ವರ್ಷ ತೆಗೆಯುವ ಜನ ಅವರು. ಲೇಹ್ ಪಟ್ಟಣದಲ್ಲಿ ಹೋಟೆಲುಗಳಿಗಾಗಿ ಬೋರ್‌ವೆಲ್ ಕೊರೆಯುತ್ತಲೇ ಇದ್ದಾರೆ. ಬೋರ್‌ವೆಲ್ ಬತ್ತಿದರೆ ಏನಾಗುತ್ತದೆ ಎಂದು ನಮ್ಮ ನಾಗಮಂಗಲದವರನ್ನು ಕೇಳಿ. ದಿನಾ ಎರಡೆರಡು ಬಕೆಟ್ ಬಿಸಿನೀರು ಬೇಕೇ ಬೇಕು ಎನ್ನಬೇಡಿ, ಒಂದು ಚೊಂಬಿನಲ್ಲಿ ಕೈಕಾಲು ಮುಖ ತೊಳೆದರೆ ಆ ಚಳಿಗೆ ಸಾಕು.

ಅವರ ಜೊತೆ ಮಾತಾಡೋದು ಹೇಗೆ?

‘ಜುಲೆ’ ಒಂದು ಕಲಿತುಕೊಳ್ಳಿ. ನಮಸ್ಕಾರ, ಥ್ಯಾಂಕ್ಸ್, ಹೋಗಿ ಬರುತ್ತೇನೆ ಎಲ್ಲದಕ್ಕೂ ಅದೇ. ಹಿರಿಯರಿಗೆ ಕೊನೆಯಲ್ಲಿ ‘ಲೆ’ ಸೇರಿಸಬೇಕು, ಅದು ನಮ್ಮ ‘ಅವರೇ’ ಇದ್ದ ಹಾಗೆ. ಅಣ್ಣನಿಗೆ ಅಚೋ ಲೆ, ಅಮ್ಮನಿಗೆ ಅಮಾ ಲೆ, ಅಜ್ಜಿಗೆ ಅಬಿ ಲೆ. ಹಿಂದಿಯೂ ನಡೆಯುತ್ತದೆ.

ಒಂದೇ ಒಂದು ದಿನ ಉಳಿದರೆ ಎಲ್ಲಿಗೆ ಹೋಗಲಿ?

ಪಟ್ಟಿಯಲ್ಲಿರುವ ಜಾಗ ಬಿಡಿ. ಯಾವುದಾದರೂ ಒಂದು ಹಳ್ಳಿಗೆ ಹೋಗಿ, ಊರವರನ್ನು ಕೇಳಿ, ಅವರ ಯುರಾ ಹಿಡಿದು ಮೇಲಕ್ಕೆ ನಡೆಯಿರಿ. ಮೊದಲು ಮನೆಗಳ ನಡುವೆ, ಆಮೇಲೆ ಏಪ್ರಿಕಾಟ್ ತೋಟದ ಪಕ್ಕ, ಆಮೇಲೆ ಬರೀ ಕಲ್ಲಿನ ಪಕ್ಕೆಯಲ್ಲಿ ಕಾಲುವೆ ಹೋಗುತ್ತದೆ. ಒಂದು ಗಂಟೆ, ಒಂದೂವರೆ ಗಂಟೆ ನಡೆದರೆ ಹಳ್ಳಕ್ಕೆ ಕಲ್ಲು ಒಡ್ಡಿದ ಜಾಗ ಸಿಗುತ್ತದೆ. ಅಲ್ಲಿ ಕೂತು ಕೆಳಗೆ ನೋಡಿ, ನೀವು ನಡೆದು ಬಂದ ಆ ಒಂದು ಮೊಳದ ಕಾಲುವೆಯಿಂದಲೇ ಇಡೀ ಊರು ಹಸಿರಾಗಿರುವುದು ಕಾಣುತ್ತದೆ. ಕಾಲುವೆಯ ದಂಡೆ ತುಳಿದು ಕೆಡಿಸಬೇಡಿ, ಕಲ್ಲು ಅಲುಗಿಸಬೇಡಿ, ಆ ಹೊತ್ತು ಯಾರದೋ ಪಾಳಿ ಇರುತ್ತದೆ. ಹಳ್ಳ ದಾಟಿ ಆಚೆ ಹೋಗಿದ್ದರೆ ಮಧ್ಯಾಹ್ನದೊಳಗೆ ವಾಪಸ್ ಬನ್ನಿ, ಬಿಸಿಲಿಗೆ ಮೇಲೆ ಕರಗಿದ ನೀರು ಸಂಜೆ ಹೊತ್ತಿಗೆ ಇಳಿಯುತ್ತದೆ, ಬೆಳಿಗ್ಗೆ ಪಾದ ಮುಳುಗುತ್ತಿದ್ದ ಹಳ್ಳ ಆಗ ಮೊಣಕಾಲು ದಾಟಿರುತ್ತದೆ.